ಯೂಫ್ರೆಟಿಸ್ ದಡದ ನಾಲ್ಕು ದೂತರು ಮತ್ತು ಅಜ್ಜಿಯ ನಿದ್ದೆ

ಪ್ರಶ್ನೆ: ನಾವು ಉಡುಪಿಯ ಕಥೋಲಿಕ ಕುಟುಂಬದವರು. ಚಿಕ್ಕಮ್ಮ ಮದುವೆಯಾದ ಮೇಲೆ ಬೇರೆ ಸಭೆಗೆ ಹೋಗುತ್ತಾರೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 10ನೇ ಅಧ್ಯಾಯದಲ್ಲಿ ಬರುವ ಬಲಿಷ್ಠ ದೂತ ಯೇಸುವೇ, ಪ್ರಧಾನದೂತ ಮೀಕಾಯೇಲನೂ ಯೇಸುವೇ ಎಂದು ಚಿಕ್ಕಪ್ಪ ಹೇಳುತ್ತಾರೆ. ಈ ನಡುವೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಯೂಫ್ರೆಟಿಸ್ ನದಿ ಬತ್ತುತ್ತಿದೆಯಂತೆ, ಅಲ್ಲಿ ಕಟ್ಟಿಹಾಕಿದ್ದ ನಾಲ್ಕು ದೂತರು ಬಿಡುಗಡೆ ಆಗುತ್ತಿದ್ದಾರಂತೆ. ಅದನ್ನು ನೋಡಿದ ಮೇಲೆ ಅಜ್ಜಿಗೆ ಸರಿಯಾಗಿ ನಿದ್ದೆಯಿಲ್ಲ. ಈ ದೂತರನ್ನೆಲ್ಲ ಅರ್ಥ ಮಾಡಿಕೊಳ್ಳುವುದು ಹೇಗೆ?

ಉತ್ತರ: ಅಜ್ಜಿಯ ನಿದ್ದೆ ಕೆಡಿಸಿದ ನದಿಯಿಂದಲೇ ಶುರು ಮಾಡೋಣ. ಚಿಕ್ಕಪ್ಪನ ಮಾತು ಸ್ವಲ್ಪ ಕಾಯಲಿ.

ಪ್ರಕಟನೆ ಪುಸ್ತಕದಲ್ಲಿ ಯೂಫ್ರೆಟಿಸ್ ಎರಡು ಸಲ ಬರುತ್ತದೆ. 9ನೇ ಅಧ್ಯಾಯದಲ್ಲಿ ಆರನೇ ತುತೂರಿ ಊದಿದಾಗ ಆ ನದಿಯ ಹತ್ತಿರ ಕಟ್ಟಿಹಾಕಿದ್ದ ನಾಲ್ಕು ದೂತರನ್ನು ಬಿಡಿಸುತ್ತಾರೆ. ಅಲ್ಲಿ ನದಿ ಬತ್ತುವ ಮಾತೇ ಇಲ್ಲ. 16ನೇ ಅಧ್ಯಾಯದಲ್ಲಿ ದೇವರ ಕೋಪದ ಆರನೇ ಪಾತ್ರೆ ಸುರಿದಾಗ ನದಿ ಬತ್ತುತ್ತದೆ, ಮೂಡಣ ದಿಕ್ಕಿನ ರಾಜರಿಗೆ ದಾರಿಯಾಗುತ್ತದೆ. ಅಲ್ಲಿ ಕಟ್ಟಿಹಾಕಿದ ದೂತರಿಲ್ಲ. ವಿಡಿಯೋ ಮಾಡಿದವರು ಎರಡನ್ನೂ ಕಲಸಿ ಒಂದೇ ಸಾರು ಮಾಡಿದ್ದಾರೆ.

ಇನ್ನು ನದಿಯಲ್ಲಿ ನೀರು ಕಡಿಮೆಯಾಗಿರುವುದು ಸುಳ್ಳಲ್ಲ. ಟರ್ಕಿ, ಸಿರಿಯಾ, ಇರಾಕ್ ಮೂರೂ ದೇಶಗಳು ಅದಕ್ಕೆ ಅಣೆಕಟ್ಟು ಕಟ್ಟಿವೆ. ಮಳೆಯೂ ಕೈಕೊಡುತ್ತದೆ. 1990ರ ಜನವರಿಯಲ್ಲಿ ಅತಾತುರ್ಕ್ ಅಣೆಕಟ್ಟು ತುಂಬಿಸಲು ಟರ್ಕಿ ಸುಮಾರು ಒಂದು ತಿಂಗಳು ಆ ನದಿಯ ಹರಿವನ್ನೇ ತಡೆದಿತ್ತು. ಆಗ ವಾಟ್ಸಾಪ್ ಇರಲಿಲ್ಲ, ಅಷ್ಟೇ. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ತುಂಬೆ ಡ್ಯಾಮಿನಲ್ಲಿ ಎಷ್ಟು ನೀರಿದೆ ಎಂದು ದಿನಾ ಪೇಪರಿನಲ್ಲಿ ಬರುತ್ತದೆ. ನೇತ್ರಾವತಿ ಸೊರಗಿದರೆ ನಾವು ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ. ತುತೂರಿ ಕೇಳಿಸಿತಾ ಎಂದು ಯಾರೂ ಕಿವಿಗೊಡುವುದಿಲ್ಲ.

ಹಾಗಾದರೆ ಪ್ರಕಟನೆ ಬರೆದ ಯೋಹಾನ ಆ ನದಿಯ ಹೆಸರನ್ನೇ ಯಾಕೆ ಎತ್ತಿದ? ಅವನ ಕಾಲದಲ್ಲಿ ಯೂಫ್ರೆಟಿಸ್ ಎಂದರೆ ರೋಮ್ ಸಾಮ್ರಾಜ್ಯದ ಪೂರ್ವದ ಗಡಿ. ಅದರಾಚೆ ಪಾರ್ಥಿಯನ್ನರು. ಕುದುರೆ ಮೇಲೆ ಕೂತು, ಓಡುತ್ತಲೇ ಹಿಂದಕ್ಕೆ ತಿರುಗಿ ಬಾಣ ಬಿಡುವವರು. ಕ್ರಿಸ್ತಪೂರ್ವ 53ರಲ್ಲಿ ಕ್ರಾಸ್ಸಸ್ ಎಂಬ ರೋಮನ್ ಸೇನಾಪತಿಯ ದೊಡ್ಡ ದಂಡನ್ನೇ ಅವರು ಹಾಳುಗೆಡವಿದ್ದರು, ಅವನೂ ಸತ್ತ. ರೋಮಿನವರಿಗೆ ಆ ಹೆದರಿಕೆ ಆಮೇಲೂ ಹೋಗಲಿಲ್ಲ. ಯೆಹೂದ್ಯರ ನೆನಪಿನಲ್ಲಿ ಅದು ಇನ್ನೂ ಹಳೆಯದು. ಯೆಶಾಯನು ಅಶ್ಶೂರದ ಸೈನ್ಯವನ್ನು ಇದೇ ನದಿಯ ನೆರೆಗೆ ಹೋಲಿಸಿದ್ದ. ಹೀಗಾಗಿ ‘ಯೂಫ್ರೆಟಿಸ್’ ಎಂದ ಕೂಡಲೇ ಆ ಕಾಲದವರ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೂ ಬಗ್ಗದ ರೋಮಿಗೂ ಹೆದರುವ ದಿಕ್ಕು ಒಂದಿದೆ, ಆ ದಿಕ್ಕಿನ ಬಾಗಿಲ ಅಗುಳಿ ದೇವರ ಕೈಯಲ್ಲಿದೆ. ಆ ನಾಲ್ವರು ದೂತರು ಕಟ್ಟಿನಲ್ಲಿರುವುದೂ ಅದಕ್ಕೇ. ತಾವಾಗಿ ಬಿಚ್ಚಿಕೊಂಡು ಹೊರಡಲು ಅವರಿಗೆ ಆಗದು. ನದಿಯ ನೀರಿನ ಮಟ್ಟಕ್ಕೂ ಅವರ ಬಿಡುಗಡೆಗೂ ಸಂಬಂಧವೇ ಇಲ್ಲ.

ಇದನ್ನು ಇಷ್ಟು ಬಿಗಿಯಾಗಿ ಹೇಳಲು ಒಂದು ಕಾರಣವಿದೆ. ನಾನೇ ಆ ವಿಡಿಯೋದವರ ಕೆಲಸ ಮಾಡಿದ್ದೇನೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತಲ್ಲ, ಆಗ ನನಗೆ ಪ್ರಾಯ ಕಡಿಮೆ, ಓದಿದ ಬಿಸಿ ಜಾಸ್ತಿ. ಕರಾವಳಿಯ ಒಂದು ಸಭೆಯಲ್ಲಿ ಬೈಬಲ್ ಪಾಠಕ್ಕೆ ಕರೆದಿದ್ದರು. ದೊಡ್ಡ ಚಾರ್ಟು ಬರೆದುಕೊಂಡು ಹೋದೆ. ಯೂಫ್ರೆಟಿಸ್ ಇರಾಕಿನಲ್ಲಿ ಹರಿಯುತ್ತದೆ, ನಾಲ್ಕು ದೂತರು ಬಿಡುಗಡೆಯಾದರು ಎಂದು ಬೆರಳಿಟ್ಟು ತೋರಿಸಿದೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಅಳುತ್ತಾ ಕೂತಿದ್ದರು. ಗಂಡ ಕುವೈತಿನಲ್ಲಿದ್ದರು, ಎರಡು ವಾರದಿಂದ ಸುದ್ದಿಯಿಲ್ಲ. ನಮ್ಮ ಊರುಗಳಲ್ಲಿ ಆಗ ಕುವೈತಿನಲ್ಲಿ ಒಬ್ಬರಾದರೂ ಇಲ್ಲದ ಬೀದಿ ಕಡಿಮೆ. ನನಗೆ ಅದು ಹೊಳೆಯಲೇ ಇಲ್ಲ. ಅವರ ಗಂಡ ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದು ಮುಟ್ಟಿದರು. ಆ ಚಾರ್ಟನ್ನು ನಾನು ಮತ್ತೆ ಬಿಚ್ಚಲಿಲ್ಲ.

ಈಗ ದೂತರ ಮಾತಿಗೆ ಬರೋಣ. ಈ ವಿಷಯದಲ್ಲಿ ಕನ್ನಡ ಓದುವವರಿಗೆ ಇಂಗ್ಲಿಷ್ ಓದುವವರಿಗಿಂತ ಒಂದು ಅನುಕೂಲ ಇದೆ. ‘ಏಂಜಲ್’ ಎಂದರೆ ಕಣ್ಣಮುಂದೆ ಬರುವುದು ರೆಕ್ಕೆ, ಬಿಳಿ ಗೌನು, ಕ್ರಿಸ್ಮಸ್ ಕಾರ್ಡು. ‘ದೂತ’ ಎಂದರೆ ಹಾಗಲ್ಲ. ಯಾರೋ ಕಳಿಸಿದವನು, ಯಾರದ್ದೋ ಮಾತು ಹೊತ್ತು ಬಂದವನು. ಹೀಬ್ರೂವಿನ ‘ಮಲಾಖ್’, ಗ್ರೀಕಿನ ‘ಆಂಗೆಲೊಸ್’ ಎರಡಕ್ಕೂ ಇದೇ ಅರ್ಥ. ಸ್ನಾನಿಕ ಯೋಹಾನ ಯೇಸುವಿನ ಬಳಿಗೆ ಕಳಿಸಿದ ಶಿಷ್ಯರನ್ನು ಲೂಕನು ಕರೆಯುವುದು ಇದೇ ಗ್ರೀಕ್ ಪದದಿಂದ. ರಾಹಾಬಳು ಮನೆಯಲ್ಲಿ ಬಚ್ಚಿಟ್ಟ ಗೂಢಚಾರರಿಗೆ ಯಾಕೋಬನ ಪತ್ರಿಕೆಯಲ್ಲಿ ಇದೇ ಪದ. ಮಲಾಕಿಯ ಎಂಬ ಹೆಸರಿನ ಅರ್ಥವೇ ‘ನನ್ನ ದೂತ’. ಅವರಾರಿಗೂ ರೆಕ್ಕೆ ಇರಲಿಲ್ಲ. ಅಷ್ಟೇಕೆ, ಮೊದಮೊದಲ ಕ್ರೈಸ್ತ ಚಿತ್ರಗಳಲ್ಲಿ ದೇವದೂತರಿಗೂ ರೆಕ್ಕೆ ಇಲ್ಲ. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಚಿತ್ರಕಾರರು ಅಂಟಿಸಿದರು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಬ್ರದರ್ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಕತ್ತೆತ್ತಿ ನೋಡಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟ, ಅಲ್ವಾ?

ದೂತ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಂಕೆಯಲ್ಲಿ ಹನುಮಂತನನ್ನು ಕೊಲ್ಲಹೊರಟಾಗ ವಿಭೀಷಣ ತಡೆಯುತ್ತಾನೆ, ದೂತನನ್ನು ಕೊಲ್ಲಬಾರದು ಎನ್ನುತ್ತಾನೆ. ಹಾಗೆಂದರೆ ದೂತನ ಹಿಂದೆ ಒಬ್ಬ ಒಡೆಯ ಇದ್ದಾನೆ ಎಂದರ್ಥ. ದೂತ ‘ನಾನು’ ಎಂದು ಮಾತಾಡಿದರೂ ಆ ‘ನಾನು’ ಅವನದ್ದಲ್ಲ. ಮೊದಲ ಒಡಂಬಡಿಕೆಯಲ್ಲಿ ಇದು ಎಷ್ಟೋ ಸಲ ನಡೆಯುತ್ತದೆ. ಉರಿಯುವ ಪೊದೆಯಲ್ಲಿ ಮೋಶೆಗೆ ಕಾಣಿಸುವವನು ದೂತ, ಒಳಗಿನಿಂದ ಬರುವ ದನಿ ದೇವರದು. ಹಾಗರಳಿಗೆ ಮಾತಾಡುವ ದೂತ ‘ನಿನ್ನ ಸಂತತಿಯನ್ನು ನಾನು ಹೆಚ್ಚಿಸುವೆನು’ ಎನ್ನುತ್ತಾನೆ. ಪ್ರಕಟನೆಯ ಕೊನೆಯ ಅಧ್ಯಾಯದಲ್ಲಂತೂ ದೂತ ಎಲ್ಲಿ ಮಾತು ನಿಲ್ಲಿಸಿದ, ಕ್ರಿಸ್ತ ಎಲ್ಲಿ ಶುರು ಮಾಡಿದ ಎಂದು ಗೆರೆ ಎಳೆಯುವುದೇ ಕಷ್ಟ. ಕೋರ್ಟಿನ ಅಮೀನ ಸಮನ್ಸ್ ತಂದಾಗ ಅದರಲ್ಲಿ ‘ಹಾಜರಾಗತಕ್ಕದ್ದು’ ಎಂದಿರುತ್ತದೆ. ಹಾಗೆಂದು ಅಮೀನನನ್ನು ಜಡ್ಜ್ ಎಂದು ಯಾರಾದರೂ ತಿಳಿಯುತ್ತಾರಾ? ಪ್ರಕಟನೆಯ ಮೊದಲ ವಚನವೇ ಈ ಸಾಲನ್ನು ತೋರಿಸಿಬಿಡುತ್ತದೆ. ದೇವರು ಯೇಸುವಿಗೆ ಕೊಟ್ಟ, ಯೇಸು ತನ್ನ ದೂತನ ಕೈಲಿ ಯೋಹಾನನಿಗೆ ಮುಟ್ಟಿಸಿದ, ಯೋಹಾನ ಸಭೆಗಳಿಗೆ.

ಇನ್ನು ಚಿಕ್ಕಪ್ಪನ ಬಲಿಷ್ಠ ದೂತ. ಅವರು ಸುಮ್ನೆ ಹೇಳಿದ್ದಲ್ಲ. ಮೂರನೇ ಶತಮಾನದಲ್ಲಿ ಪ್ರಕಟನೆ ಪುಸ್ತಕಕ್ಕೆ ಲ್ಯಾಟಿನಿನಲ್ಲಿ ವ್ಯಾಖ್ಯಾನ ಬರೆದ ವಿಕ್ಟೊರಿನಸ್ ಎಂಬ ಬಿಷಪ್ ಕೂಡ ಆ ದೂತ ನಮ್ಮ ಕರ್ತನೇ ಎಂದಿದ್ದಾನೆ. ಹಾಗೆ ಅನ್ನಿಸಲು ಕಾರಣ ಆ ದೂತನ ವೇಷ. ಮೋಡ ಹೊದ್ದಿದ್ದಾನೆ, ತಲೆಯ ಮೇಲೆ ಮಳೆಬಿಲ್ಲು, ಸೂರ್ಯನಂಥ ಮುಖ, ಬೆಂಕಿಯ ಕಂಬದಂಥ ಕಾಲು. ಬಲಗಾಲು ಸಮುದ್ರದ ಮೇಲೆ, ಎಡಗಾಲು ನೆಲದ ಮೇಲೆ. ಒಂದು ಸಲ ಪಣಂಬೂರಿನ ದಡದಲ್ಲಿ ನಿಂತು ಈ ಅಳತೆಯನ್ನು ಕಲ್ಪಿಸಿಕೊಳ್ಳಿ. ಕಡಲನ್ನು ಒಂದು ಪಾದದಲ್ಲಿ ಮೆಟ್ಟಿ ನಿಂತವನು ಸಣ್ಣವನಲ್ಲ.

ಯಕ್ಷಗಾನ ನೋಡುವವರಿಗೆ ಈ ಭಾಷೆ ಗೊತ್ತು. ಒಡ್ಡೋಲಗದಲ್ಲಿ ತೆರೆ ಸರಿಯುವಾಗಲೇ, ಒಂದು ಮಾತೂ ಆಡುವ ಮೊದಲೇ, ಬಣ್ಣ ಮತ್ತು ಕಿರೀಟ ನೋಡಿ ಇದು ಯಾವ ತರದ ಪಾತ್ರ ಎಂದು ತಿಳಿಯುತ್ತದೆ. ಯೋಹಾನನ ಕೇಳುಗರಿಗೂ ಮೋಡ, ಮಳೆಬಿಲ್ಲು, ಬೆಂಕಿಯ ಕಂಬ ಹಾಗೆಯೇ. ಕಂಬವೂ ಮೋಡವೂ ಐಗುಪ್ತದಿಂದ ಜನರನ್ನು ನಡೆಸಿಕೊಂಡು ಬಂದದ್ದು. ಮಳೆಬಿಲ್ಲು ನೋಹನಿಗೆ ಕೊಟ್ಟ ಮಾತಿನ ಗುರುತು, ಯೆಹೆಜ್ಕೇಲನು ಕಂಡ ಸಿಂಹಾಸನದ ಸುತ್ತಲೂ ಇದ್ದದ್ದು. ಅಂದರೆ ಈ ವೇಷ ‘ಇವನು ಎಲ್ಲಿಂದ ಬಂದ’ ಎಂದು ಹೇಳುತ್ತದೆ. ‘ಇವನೇ ಅವನು’ ಎಂದು ಹೇಳುತ್ತದೆಯೇ? ಅಲ್ಲಿ ನನಗೂ ಚಿಕ್ಕಪ್ಪನಿಗೂ ದಾರಿ ಬೇರೆ. ಕೌರವರ ಸಭೆಗೆ ಸಂಧಾನಕ್ಕೆ ಹೋದ ಕೃಷ್ಣನಲ್ಲಿ ದೂತನೇ ದೇವರು. ಆ ಕಥೆ ಕೇಳಿ ಬೆಳೆದ ಕಿವಿಗೆ ಭವ್ಯವಾದ ದೂತನನ್ನು ಕಂಡರೆ ದೇವರೆಂದೇ ತೋರುತ್ತದೆ. ಬೈಬಲಿನಲ್ಲಿ ರೂಢಿ ಬೇರೆ. ಮೋಶೆ ಬೆಟ್ಟದಿಂದ ಇಳಿದಾಗ ಅವನ ಮುಖವೂ ಹೊಳೆಯುತ್ತಿತ್ತು. ಕಳಿಸಿದವನ ಬೆಳಕು ಬಂದವನ ಮೈಮೇಲೂ ಸ್ವಲ್ಪ ಅಂಟಿರುತ್ತದೆ.

ಇನ್ನೊಂದು ಗುರುತು ನೋಡಿ. ಯೋಹಾನ ಇವನನ್ನು ‘ಬಲಿಷ್ಠನಾದ ಮತ್ತೊಬ್ಬ ದೂತ’ ಎನ್ನುತ್ತಾನೆ. ಮತ್ತೊಬ್ಬ ಎಂದರೆ ಮೊದಲು ಒಬ್ಬ ಇದ್ದ. 5ನೇ ಅಧ್ಯಾಯದಲ್ಲಿ ಒಬ್ಬ ಬಲಿಷ್ಠ ದೂತ ‘ಈ ಸುರುಳಿ ಬಿಚ್ಚಲು ಯಾರು ಯೋಗ್ಯರು?’ ಎಂದು ಕೂಗುತ್ತಾನೆ. 10ರಲ್ಲಿ ಬಂದವನ ಕೈಯಲ್ಲಿ ಬಿಚ್ಚಿದ ಸುರುಳಿ ಇದೆ. 18ರಲ್ಲಿ ಇನ್ನೊಬ್ಬ ಬಲಿಷ್ಠ ದೂತ ಬೀಸುವ ಕಲ್ಲಿನಂಥ ದೊಡ್ಡ ಬಂಡೆ ಎತ್ತಿ ಸಮುದ್ರಕ್ಕೆ ಎಸೆದು, ಬಾಬೆಲ್ ಹೀಗೆ ಮುಳುಗುತ್ತದೆ ಎನ್ನುತ್ತಾನೆ. ಈ ಕೊನೆಯದು ನನಗೆ ತುಂಬಾ ಇಷ್ಟ. ಯಾಕೆಂದರೆ ಯೆರೆಮೀಯನ 51ನೇ ಅಧ್ಯಾಯದಲ್ಲಿ ಸೆರಾಯ ಎಂಬವನಿಗೆ ಇಂಥದ್ದೇ ಅಪ್ಪಣೆ ಆಗಿದೆ. ಬಾಬೆಲಿನ ಕೇಡು ಬರೆದ ಪುಸ್ತಕಕ್ಕೆ ಕಲ್ಲು ಕಟ್ಟಿ ನದಿಗೆ ಎಸೆಯಬೇಕು. ಯಾವ ನದಿ ಗೊತ್ತೇ? ಯೂಫ್ರೆಟಿಸ್! ವಿಡಿಯೋದವರು ಈ ಯೂಫ್ರೆಟಿಸನ್ನು ತೋರಿಸಲೇ ಇಲ್ಲ.

ಮತ್ತೂ ಒಂದು ವಿಷಯ. ಆ ಬಲಿಷ್ಠ ದೂತ ಬಲಗೈ ಎತ್ತಿ, ಯುಗಯುಗಾಂತರಗಳಲ್ಲಿ ಜೀವಿಸುವಾತನ ಆಣೆ ಇಟ್ಟು, ಇನ್ನು ತಡವಾಗುವುದಿಲ್ಲ ಎನ್ನುತ್ತಾನೆ. ದಾನಿಯೇಲನ 12ನೇ ಅಧ್ಯಾಯದಲ್ಲಿ ನಾರುಬಟ್ಟೆ ಉಟ್ಟು ನದಿಯ ನೀರಿನ ಮೇಲೆ ನಿಂತವನೂ ಹೀಗೇ ಆಣೆ ಇಟ್ಟಿದ್ದ. ಅವನು ಎತ್ತಿದ್ದು ಎರಡೂ ಕೈ. ಇವನು ಒಂದೇ ಕೈ ಎತ್ತುತ್ತಾನೆ, ಯಾಕೆಂದರೆ ಇನ್ನೊಂದರಲ್ಲಿ ಸುರುಳಿ ಇದೆ! ಯೋಹಾನ ಹಳೆಯ ದೃಶ್ಯವನ್ನು ಮತ್ತೆ ಕಟ್ಟುತ್ತಿದ್ದಾನೆ, ಒಂದು ವಸ್ತು ಸೇರಿಸಿ. ನಾವು ನೋಡಬೇಕಾದದ್ದು ಆ ಸೇರಿಸಿದ ವಸ್ತುವನ್ನು.

ಆ ಸುರುಳಿಯನ್ನು ಯೋಹಾನ ತಿನ್ನಬೇಕು. ಬಾಯಿಗೆ ಜೇನಿನಂತೆ ಸಿಹಿ, ಹೊಟ್ಟೆಗೆ ಕಹಿ. ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯ ಇದೆಯಲ್ಲ, ಅದರ ತಲೆಕೆಳಗು. ಕಷಾಯ ಬಾಯಿಗೆ ಕಹಿ, ಹೊಟ್ಟೆಗೆ ಹಿತ. ದೇವರ ಮಾತು ಕೇಳಲು ಸಿಹಿ, ಆದರೆ ಅದನ್ನು ಜನರ ಮುಂದೆ ಹೇಳುವಾಗ ಹೊಟ್ಟೆ ಉರಿಯುತ್ತದೆ. ಮುಂದಿನ ಮಾತೇ ‘ನೀನು ಇನ್ನೂ ಅನೇಕ ಜನಾಂಗಗಳ ವಿಷಯದಲ್ಲಿ ಪ್ರವಾದನೆ ಹೇಳಬೇಕು’ ಎಂಬುದು. ದೂತ ಬಂದದ್ದು ಈ ಕೆಲಸ ಒಪ್ಪಿಸಲು.

ಇದೇ ದೂತನನ್ನು ಯಾರು ಯಾರು ಏನೇನು ಮಾಡಿದರು ಎಂದು ಕೇಳಿದರೆ ನಗು ಬರುತ್ತದೆ. ವಿಕ್ಟೊರಿನಸನಿಗೆ ಅವನು ಕ್ರಿಸ್ತ. ಮಾರ್ಟಿನ್ ಲೂಥರ್ 1530ರಲ್ಲಿ ಬರೆದ ಮುನ್ನುಡಿಯಲ್ಲಿ ಅದೇ ದೂತ ಪೋಪ್ ಪದವಿ! ಅಮೆರಿಕದ ರೈತ ವಿಲಿಯಂ ಮಿಲ್ಲರನ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಯೇಸು ಬರುತ್ತಾನೆ ಎಂದು ಕಾದರು. ಬರಲಿಲ್ಲ. ಅವರಲ್ಲಿ ಕೆಲವರು ಆಮೇಲೆ ಈ ಅಧ್ಯಾಯದಲ್ಲಿ ತಮ್ಮ ಕಥೆಯನ್ನೇ ಕಂಡರು. ಕಾಯುವಾಗ ಸಿಹಿ, ನಿರಾಶೆಯಾದಾಗ ಕಹಿ. ಅವರಿಂದ ಬೆಳೆದದ್ದೇ ಅಡ್ವೆಂಟಿಸ್ಟ್ ಸಭೆ. 14ನೇ ಅಧ್ಯಾಯದ ಮೂವರು ದೂತರ ಸಂದೇಶವನ್ನು ಜಗತ್ತಿಗೆ ಸಾರುವುದು ತಮ್ಮ ಕೆಲಸ ಎಂದು ಅವರು ಇಂದಿಗೂ ನಂಬುತ್ತಾರೆ.

ಆ ಮೂವರಲ್ಲಿ ಮೊದಲನೆಯವನಿಗೂ ಹಕ್ಕುದಾರರು ಜಾಸ್ತಿ. 1419ರಲ್ಲಿ ತೀರಿಕೊಂಡ ಪ್ರಸಂಗಕಾರ ಸಂತ ವಿನ್ಸೆಂಟ್ ಫೆರರ್ ಅವರೇ ಆ ದೂತ ಎಂದು ಜನ ನಂಬಿದರು. ಅದಕ್ಕೇ ಅವರ ಪ್ರತಿಮೆಗಳಿಗೆ ರೆಕ್ಕೆ ಇರುತ್ತದೆ. 1546ರಲ್ಲಿ ಲೂಥರ್ ಸತ್ತಾಗ ಅವನ ಗೆಳೆಯ ಬುಗೆನ್‌ಹಾಗೆನ್ ಅಂತ್ಯಕ್ರಿಯೆಯ ಪ್ರಸಂಗದಲ್ಲಿ, ಲೂಥರನೇ ಆ ದೂತ ಎಂದ. ಒಬ್ಬರು ಕಥೋಲಿಕರ ಸಂತ, ಇನ್ನೊಬ್ಬ ಪೋಪನಿಗೆ ಎದುರು ನಿಂತವನು, ವಚನ ಮಾತ್ರ ಒಂದೇ. 7ನೇ ಅಧ್ಯಾಯದಲ್ಲಿ ಮೂಡಣದಿಂದ ಏರಿ ಬರುವ ದೂತ ಅಸ್ಸೀಸಿಯ ಸಂತ ಫ್ರಾನ್ಸಿಸ್ ಎಂದು ಬೊನವೆಂತೂರ ಬರೆದರು. ಇವರಾರೂ ದಡ್ಡರಲ್ಲ. ತಮ್ಮ ಕಾಲದ ದೊಡ್ಡ ಮನುಷ್ಯನನ್ನು, ದೊಡ್ಡ ವೈರಿಯನ್ನು ಪುಸ್ತಕದೊಳಗೆ ಕೂರಿಸುವ ಆಸೆ ಎಲ್ಲರಿಗೂ ಇತ್ತು. ನನ್ನ 1990ರ ಚಾರ್ಟಿಗೂ ಇದ್ದದ್ದು ಅದೇ ಆಸೆ.

ಒಂದು ಮಾತು ಗಮನಿಸಿದ್ದೀರಾ? ಪ್ರಕಟನೆಯಲ್ಲಿ ‘ದೂತ’ ಎಂಬ ಪದ 60ಕ್ಕೂ ಹೆಚ್ಚು ಸಲ ಬರುತ್ತದೆ. ಅಷ್ಟು ದೂತರಲ್ಲಿ ದೇವರ ಕಡೆಯವರೊಳಗೆ ಹೆಸರಿರುವುದು ಒಬ್ಬ ಮೀಕಾಯೇಲನಿಗೆ. ಪಾತಾಳಕೂಪದ ದೂತನಿಗೆ ಅಬದ್ದೋನ್ ಎಂಬ ಹೆಸರಿದೆ, ನಾಶ ಎಂದು ಅದರ ಅರ್ಥ. ಉಳಿದವರೆಲ್ಲ ‘ಮತ್ತೊಬ್ಬ ದೂತ’, ‘ಮತ್ತೊಬ್ಬ ದೂತ’. ಗಬ್ರಿಯೇಲ ಇಡೀ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವನು ದಾನಿಯೇಲನಲ್ಲಿಯೂ ಲೂಕನಲ್ಲಿಯೂ ಇದ್ದಾನೆ. ರಫಾಯೇಲ ಇರುವುದು ತೋಬಿತನ ಪುಸ್ತಕದಲ್ಲಿ. ಅದು ನಿಮ್ಮ ಮನೆಯ ಬೈಬಲಿನಲ್ಲಿ ಇದೆ. ನನ್ನದು ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಮನೆತನ, ನಮ್ಮ ಸತ್ಯವೇದದಲ್ಲಿ ಇಲ್ಲ. ಹೆಸರು ಹೇಳುವ ಮನಸ್ಸಿದ್ದರೆ ಯೋಹಾನನಿಗೆ ಹೆಸರುಗಳಿಗೇನೂ ಬರ ಇರಲಿಲ್ಲ. ಆ ಕಾಲದ ಯೆಹೂದ್ಯ ಪುಸ್ತಕಗಳಲ್ಲಿ ದೂತರ ಹೆಸರುಗಳು ರಾಶಿ ರಾಶಿ. ಅವನು ಬೇಕೆಂದೇ ಬಿಟ್ಟಿದ್ದಾನೆ ಎಂದು ನನ್ನ ಲೆಕ್ಕ.

ಮೀಕಾಯೇಲನ ವಿಷಯ. ‘ದೇವರಂತೆ ಯಾರಿದ್ದಾರೆ?’ ಎಂದು ಆ ಹೆಸರಿನ ಅರ್ಥ. ಅವನು ಯೇಸುವೇ ಎಂದು ಅಡ್ವೆಂಟಿಸ್ಟರೂ ಯೆಹೋವನ ಸಾಕ್ಷಿಗಳೂ ಹೇಳುತ್ತಾರೆ. ಆದರೆ ಇಬ್ಬರೂ ಹೇಳುವುದು ಒಂದೇ ಅಲ್ಲ. ಅಡ್ವೆಂಟಿಸ್ಟರಿಗೆ ಯೇಸು ನಿತ್ಯ ದೇವರು, ಮೀಕಾಯೇಲ ಎಂಬುದು ಆತನ ಇನ್ನೊಂದು ಹೆಸರು. ಸಾಕ್ಷಿಗಳಿಗೆ ಯೇಸು ಸೃಷ್ಟಿಯಾದವನು. ಚಿಕ್ಕಪ್ಪ ಯಾವ ಅರ್ಥದಲ್ಲಿ ಹೇಳುತ್ತಾರೆ ಎಂದು ಮೊದಲು ಕೇಳಿ, ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ಅವರ ಕೈಯಲ್ಲಿರುವ ಮುಖ್ಯ ವಚನ 1 ಥೆಸಲೊನೀಕ 4:16. ಕರ್ತನು ಪ್ರಧಾನದೂತನ ಶಬ್ದದೊಡನೆ ಇಳಿದು ಬರುವನು ಎಂದು ಅಲ್ಲಿದೆ. ನನಗೆ ಅದು ಸಾಲದು. ಮದುಮಗ ವಾಲಗದ ಸದ್ದಿನೊಡನೆ ಬಂದರೆ ವಾಲಗ ಊದಿದವನೂ ಅವನೇ ಎಂದು ಆಗುವುದಿಲ್ಲ. ದಾನಿಯೇಲನ 10ನೇ ಅಧ್ಯಾಯ ಮೀಕಾಯೇಲನನ್ನು ‘ಮುಖ್ಯ ಪಾಲಕರಲ್ಲಿ ಒಬ್ಬ’ ಎನ್ನುತ್ತದೆ. ಒಬ್ಬ ಎಂದರೆ ಸಾಲಿನಲ್ಲಿ ಇನ್ನೂ ಕೆಲವರಿದ್ದಾರೆ. ಯೂದನ ಪತ್ರಿಕೆಯಲ್ಲಿ ಅವನು ಸೈತಾನನನ್ನು ತಾನಾಗಿ ಗದರಿಸುವುದಿಲ್ಲ, ‘ಕರ್ತನೇ ನಿನ್ನನ್ನು ಗದರಿಸಲಿ’ ಎನ್ನುತ್ತಾನೆ. ಇಬ್ರಿಯರ ಪತ್ರಿಕೆಯ ಮೊದಲ ಅಧ್ಯಾಯ ಪೂರ್ತಿ ಮಗನು ದೂತರಿಗಿಂತ ಬೇರೆ ಎಂದು ಸಾಧಿಸುತ್ತದೆ. ಹೀಗಾಗಿ ನಾನು ಚಿಕ್ಕಪ್ಪನ ಪಕ್ಷಕ್ಕೆ ಬರಲಾರೆ.

ಅದೇ ದಾನಿಯೇಲ 10ರಲ್ಲಿ ಪಾರಸಿಯ ರಾಜ್ಯಕ್ಕೆ ಒಬ್ಬ ಪಾಲಕ, ಗ್ರೀಕರಿಗೆ ಒಬ್ಬ, ಇಸ್ರಾಯೇಲರಿಗೆ ಮೀಕಾಯೇಲ. ದಾನಿಯೇಲನ ಪ್ರಾರ್ಥನೆಗೆ ಉತ್ತರ ತರುವ ದೂತನನ್ನು ಪಾರಸಿಯ ಪಾಲಕ 21 ದಿನ ತಡೆದು ನಿಲ್ಲಿಸುತ್ತಾನೆ. ಈ ಪಾಠ ಮಾಡುವಾಗಲೆಲ್ಲ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ಸರ್, ನಮ್ಮಲ್ಲಿ ಊರಿಗೊಂದು ದೈವ ಇರುವ ಹಾಗೆಯಾ? ಹೋಲಿಕೆ ಅರ್ಧ ದಾರಿಯವರೆಗೆ ಬರುತ್ತದೆ. ನೆಲಕ್ಕೂ ಜನಕ್ಕೂ ಕಣ್ಣಿಗೆ ಕಾಣದ ಒಬ್ಬ ಕಾವಲುಗಾರ ಎಂಬುದು ಹತ್ತಿರದ ಮಾತು. ಆದರೆ ದೈವಕ್ಕೆ ಕೋಲ ಉಂಟು, ನುಡಿ ಉಂಟು, ಊರಿನ ನ್ಯಾಯ ತೀರ್ಮಾನ ಉಂಟು. ದಾನಿಯೇಲನ ಪಾಲಕರಿಗೆ ಯಾರೂ ಏನೂ ಸಲ್ಲಿಸುವುದಿಲ್ಲ, ಅವರನ್ನು ಯಾರೂ ಕರೆಯುವುದೂ ಇಲ್ಲ. ಅಲ್ಲಿ ಆ ಕಥೆ ಹೇಳುವುದು ಒಂದೇ ಕಾರಣಕ್ಕೆ. ದೊಡ್ಡ ರಾಜ್ಯಗಳ ಕೆಳಗೆ ಸಿಕ್ಕಿಬಿದ್ದ ಸಣ್ಣ ಜನಕ್ಕೆ ‘ಉತ್ತರ ತಡವಾಗಿದೆ, ಆದರೆ ಹೊರಟಾಗಿದೆ’ ಎಂದು ತಿಳಿಸಲು.

ಪ್ರಕಟನೆ 12ರಲ್ಲಿ ಮೀಕಾಯೇಲ ಘಟಸರ್ಪದ ಜೊತೆ ಯುದ್ಧ ಮಾಡುತ್ತಾನೆ. ಚಿತ್ರಗಳಲ್ಲಿ ಎಷ್ಟು ದೊಡ್ಡ ದೃಶ್ಯ! ಪುಸ್ತಕದಲ್ಲಿ ಎರಡು ಮೂರು ವಾಕ್ಯ. ಅವನು ಒಂದು ಮಾತೂ ಆಡುವುದಿಲ್ಲ. ಆಮೇಲೆ ಬರುವ ಜಯಘೋಷದಲ್ಲಿ ಗೆದ್ದವರು ಯಾರು ಎಂದು ಹೇಳಿದೆ. ಯಜ್ಞದ ಕುರಿಯಾದ ಕ್ರಿಸ್ತನ ರಕ್ತದ ಬಲದಿಂದಲೂ ತಮ್ಮ ಸಾಕ್ಷಿಯ ಬಲದಿಂದಲೂ ಗೆದ್ದ ಸಾಮಾನ್ಯ ಜನ. ಮೀಕಾಯೇಲನ ಹೆಸರೂ ಅಲ್ಲಿಲ್ಲ.

ಪ್ರಕಟನೆಯ ಶುರುವಿನಲ್ಲಿ ಪತ್ರ ಪಡೆಯುವ ಏಳು ಸಭೆಗಳ ದೂತರ ಬಗ್ಗೆ ನೀವು ಕೇಳಿಲ್ಲ, ಆದರೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ಎಫೆಸದಲ್ಲಿರುವ ಸಭೆಯ ದೂತನಿಗೆ ಬರೆ’ ಎಂದಿದೆ. ಈ ದೂತ ಸಭಾಪಾಲಕನೇ, ಪತ್ರ ಹೊತ್ತು ಹೋದವನೇ, ಸಭೆಯ ಕಾವಲು ದೇವದೂತನೇ? ಮೂರಕ್ಕೂ ವಾದ ಇದೆ. ಈಗಿನ ಇಂಗ್ಲಿಷಿನಲ್ಲಿ ಓದಿದರೆ ಒಬ್ಬನಿಗೆ ಹೇಳಿದ್ದೋ ಹಲವರಿಗೋ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ‘ನೀನು’, ‘ನಿನ್ನ ಕೃತ್ಯಗಳು’ ಎಂದು ಗ್ರೀಕಿನಂತೆಯೇ ಏಕವಚನ ಉಳಿದಿದೆ. ಆದರೆ ಬೈಯುವುದು ಇಡೀ ಸಭೆಗೆ. ಹಾಗಾಗಿ ನನಗೆ ಆ ದೂತ ಎಂದರೆ ಆ ಸಭೆಯೇ, ಮೇಲಿನಿಂದ ನೋಡಿದಾಗ ಹೇಗೆ ಕಾಣುತ್ತದೋ ಹಾಗೆ. ಇದನ್ನು ಒಪ್ಪದ ಒಳ್ಳೆಯ ಪಂಡಿತರು ಬೇಕಾದಷ್ಟಿದ್ದಾರೆ.

ಓದುವಾಗ ಹಿಡಿಯಬೇಕಾದದ್ದು ವಿವರಿಸುವ ದೂತನನ್ನು. ದಾನಿಯೇಲ, ಜೆಕರ್ಯ, ಪ್ರಕಟನೆ ಮೂರರಲ್ಲೂ ಇಂಥ ಒಬ್ಬ ಇದ್ದಾನೆ. ಜೆಕರ್ಯನಂತೂ ಪಾಪ, ಏನು ಕಂಡರೂ ‘ಸ್ವಾಮೀ, ಇದೇನು?’ ಎನ್ನುತ್ತಾನೆ. ‘ಇದು ನಿನಗೆ ತಿಳಿಯದೋ?’ ಎಂದರೆ ‘ಇಲ್ಲ ಸ್ವಾಮೀ’ ಎನ್ನುತ್ತಾನೆ. ಪ್ರವಾದಿಗೇ ತಿಳಿಯದ್ದನ್ನು ನಮ್ಮ ವಿಡಿಯೋದವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ! ಪ್ರಕಟನೆ 17ರಲ್ಲಿ ದೂತ ಬಾಯಿಬಿಟ್ಟು ಹೇಳುತ್ತಾನೆ: ಏಳು ತಲೆ ಎಂದರೆ ಏಳು ಬೆಟ್ಟ, ನೀರು ಎಂದರೆ ಜನಜಾತಿಗಳು, ಆ ಹೆಂಗಸು ಎಂದರೆ ರಾಜರನ್ನು ಆಳುವ ಮಹಾನಗರ. ಏಳು ಬೆಟ್ಟದ ಊರು ಯಾವುದೆಂದು ಆ ಕಾಲದ ಮಕ್ಕಳಿಗೂ ಗೊತ್ತಿತ್ತು, ರೋಮ್. ದೂತ ಬಿಡಿಸಿದ್ದನ್ನು ಬಿಗಿಯಾಗಿ ಹಿಡಿಯಿರಿ. ಅವನು ಬಿಡಿಸದ್ದನ್ನು ಸಡಿಲವಾಗಿ ಹಿಡಿಯಿರಿ. 10ನೇ ಅಧ್ಯಾಯದಲ್ಲಿ ಏಳು ಗುಡುಗುಗಳು ಹೇಳಿದ್ದನ್ನು ಬರೆಯಬೇಡ ಎಂದು ಯೋಹಾನನಿಗೇ ಅಪ್ಪಣೆ ಆಗಿದೆ.

ಇಷ್ಟೆಲ್ಲ ಕಂಡ ಯೋಹಾನನೂ ಎರಡು ಸಲ ಜಾರಿದ. 19ರಲ್ಲಿ ಒಮ್ಮೆ, 22ರಲ್ಲಿ ಇನ್ನೊಮ್ಮೆ ದೂತನ ಕಾಲಿಗೆ ಬಿದ್ದ. ಎರಡು ಸಲವೂ ದೂತ ‘ಮಾಡಬೇಡ, ನಾನೂ ನಿನ್ನ ಜೊತೆಗಾರ ದಾಸ, ದೇವರಿಗೆ ನಮಸ್ಕಾರ ಮಾಡು’ ಎಂದ. ಒಂದೇ ತಪ್ಪನ್ನು ಎರಡು ಸಲ ಬರೆದದ್ದು ಮರೆವಿನಿಂದಲ್ಲ. ಆ ಏಳು ಸಭೆಗಳ ಸೀಮೆಯಲ್ಲಿ ದೂತರ ಆರಾಧನೆಯ ಚಟ ಇತ್ತು. ಆ ಏಳರಲ್ಲಿ ಒಂದಾದ ಲವೊದಿಕೀಯದ ಪಕ್ಕದ ಊರಾದ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೂ ಅದರ ಬಗ್ಗೆ ಎಚ್ಚರಿಕೆ ಇದೆ.

ಈಗ ಅಜ್ಜಿ. ವಿಡಿಯೋ ಅಳಿಸಿದರೆ ಸಾಲದು, ಅದರ ಜಾಗಕ್ಕೆ ಏನಾದರೂ ಇಡಬೇಕು. 7ನೇ ಅಧ್ಯಾಯದ ಮೊದಲ ಮೂರು ವಚನ ಓದಿ ಹೇಳಿ. ಅಲ್ಲಿಯೂ ನಾಲ್ಕು ದೂತರಿದ್ದಾರೆ, ಭೂಮಿಯ ನಾಲ್ಕು ಮೂಲೆಯಲ್ಲಿ. ಅವರು ಗಾಳಿಯನ್ನು ಹಿಡಿದು ನಿಲ್ಲಿಸಿದ್ದಾರೆ, ಭೂಮಿಗೂ ಸಮುದ್ರಕ್ಕೂ ಮರಕ್ಕೂ ಬೀಸದ ಹಾಗೆ. ಮೇ ಕೊನೆಯಲ್ಲಿ ಮಲ್ಪೆಯ ದೋಣಿಗಳೆಲ್ಲ ದಡಕ್ಕೆ ಬಂದ ಮೇಲೆ ಬೀಸುವ ಗಾಳಿಯನ್ನು ಕಂಡ ಅಜ್ಜಿಗೆ ಅದರ ಅರ್ಥ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆಮೇಲೆ 8ನೇ ಅಧ್ಯಾಯದ ಶುರು. ಪರಲೋಕದಲ್ಲಿ ಅರ್ಧ ಗಂಟೆ ಹೊತ್ತು ಎಲ್ಲ ನಿಶ್ಶಬ್ದ. ಒಬ್ಬ ದೂತ ಚಿನ್ನದ ಧೂಪಾರತಿ ಹಿಡಿದು ಬರುತ್ತಾನೆ. ಅವನಿಗೆ ತುಂಬಾ ಧೂಪ ಕೊಡುತ್ತಾರೆ, ದೇವಜನರೆಲ್ಲರ ಪ್ರಾರ್ಥನೆಗಳ ಜೊತೆ ಸೇರಿಸಲು. ಅದೇ ಧೂಪಾರತಿಯಲ್ಲಿ ಮುಂದೆ ಬೆಂಕಿ ತುಂಬಿ ಭೂಮಿಗೆ ಎಸೆಯುತ್ತಾನೆ, ಅದನ್ನೂ ಅಜ್ಜಿಯಿಂದ ಮುಚ್ಚಿಡಬೇಡಿ. ಆದರೆ ಹೊಗೆ ಮೇಲಕ್ಕೆ ಹೋಗುವುದು ಮೊದಲು. ಇಗರ್ಜಿಯಲ್ಲಿ ಧೂಪ ಹಾಕುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ರಾತ್ರಿ ಎಂಟಕ್ಕೆ ಮನೆಯಲ್ಲಿ ಹೇಳುವ ತೇರ್ಸ್ (ಜಪಮಾಲೆ ಪ್ರಾರ್ಥನೆ) ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಆ ವಚನ ತೋರಿಸಿ.